ಸಿಡೋನಿ ತಂದ ಗುಲಾಬಿ ಚಿತ್ರ

ಆಪ್ಟ್, 1903

ಏಪ್ರಿಲ್ 14, ಮಂಗಳವಾರ

ನಾದಿನಿ ಸಿಡೋನಿ ಇವತ್ತು ಬಂದಿಳಿದಳು. ಒಂದು ಪೆಟ್ಟಿಗೆ, ಒಂದು ಕೊಡೆ, ಹಳೆಯ ಲಂಗದಲ್ಲಿ ಸುತ್ತಿ ಹಗ್ಗ ಬಿಗಿದ ಒಂದು ಚಿತ್ರ. ಇಷ್ಟೇ ಅವಳ ಆಸ್ತಿ. ಮನೋಸ್ಕ್‌ನಲ್ಲಿ ಅವಳು ಹೊಲಿಗೆ ಹೇಳಿಕೊಡುತ್ತಿದ್ದ ಸಿಸ್ಟರ್‌ಗಳ ಶಾಲೆಯನ್ನು ಸರ್ಕಾರ ಮುಚ್ಚಿಸಿದೆ. ಮದುವೆಯಿಲ್ಲ, ಮಕ್ಕಳಿಲ್ಲ, ಕಣ್ಣು ಬೇರೆ ಮಂಜು. ನನ್ನ ಮನೆ ಬಿಟ್ಟರೆ ಅವಳಿಗಿರುವುದು ಊರಾಚೆಯ ವೃದ್ಧಾಶ್ರಮ ಒಂದೇ. ಬಾ ಎಂದು ನಾನು ಕರೆಸಿಕೊಂಡದ್ದು ಕರುಣೆಯಿಂದಲ್ಲ, ನನಗೆ ನಾನೇ ಸುಳ್ಳು ಯಾಕೆ ಬರೆದುಕೊಳ್ಳಲಿ. ಆ ಚಿತ್ರ ನನಗೆ ಬೇಕಿತ್ತು.

ಚಳಿಗಾಲದಲ್ಲಿ ಪ್ಯಾರಿಸ್‌ನಿಂದ ವೆರ್ದಿಯೆ ಎಂಬ ಚಿತ್ರವ್ಯಾಪಾರಿ ಬಂದಿದ್ದ. ನನ್ನ ಗಂಡ ಗ್ರಾಸಿಯೆನ್, ಅವನ ಜೊತೆಯವರು ಬದುಕಿದ್ದಾಗ ಅವರ ಚಿತ್ರಗಳ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಲ್ಲ, ಅದೇ ಪ್ಯಾರಿಸ್‌ನವರು ಈಗ ಅವರೆಲ್ಲ ಮಣ್ಣಾದ ಮೇಲೆ ಹುಡುಕಿಕೊಂಡು ಬರುತ್ತಿದ್ದಾರೆ. ಈ ಶರತ್ಕಾಲಕ್ಕೆ ದೊಡ್ಡ ಪ್ರದರ್ಶನವಂತೆ. ವೆರ್ದಿಯೆ ಹುಡುಗನಾಗಿದ್ದಾಗ ಗ್ರಾಸಿಯೆನ್‌ನ ಕೆಂಪು ಗುಲಾಬಿಗಳನ್ನು ಅಲ್ಲಿಯ ಬಣ್ಣದಂಗಡಿಯಲ್ಲಿ ನೋಡಿದ್ದನಂತೆ, ಗ್ರಾಸಿಯೆನ್ ಒಂದು ಸಲ ಅಲ್ಲಿಗೆ ಕಳಿಸಿ ತರಿಸಿಕೊಂಡಿದ್ದ. "ಅದೊಂದು ಸಿಕ್ಕಲಿ ಮದಾಮ್, ಒಂದು ಇಡೀ ಗೋಡೆ ನಿಮ್ಮ ಯಜಮಾನರಿಗೇ ಬಿಟ್ಟುಕೊಡ್ತೀನಿ" ಅಂದ. ಜೂನ್‌ನಲ್ಲಿ ಮತ್ತೆ ಬರುತ್ತಾನೆ. ಬದುಕಿದ್ದಾಗ ಒಂದು ಮೊಳೆಯಷ್ಟು ಜಾಗ ಸಿಗದವನಿಗೆ ಒಂದು ಗೋಡೆ. ಅದನ್ನು ನೋಡಿಯೇ ನಾನು ಸಾಯಬೇಕು.

"ಇದನ್ನ ಹೀಗೇ ಮಂಚದ ಕೆಳಗಿಟ್ಬಿಡ್ತೀನಿ ಅತ್ತಿಗೆ. ಗಾಳಿ ಎದ್ದಿದೆ, ಧೂಳು ಕೂರುತ್ತೆ" ಅಂದಳು ಸಿಡೋನಿ.

"ಬಿಚ್ಚು" ಅಂದೆ.

"ನಾಳೆ ಬಿಚ್ಚಿದ್ರಾಯ್ತು. ಗಂಟು ಬಿಗಿಯಾಗಿದೆ."

ಅಡುಗೆ ಚಾಕು ತಂದು ಹಗ್ಗ ಕತ್ತರಿಸಿದೆ. ಪಿಂಗಾಣಿ ಹೂದಾನಿ ಅದೇ, ಈಗಲೋ ಆಗಲೋ ಜಾರಿಬೀಳುತ್ತದೆ ಎನ್ನುವಂತೆ ಮುಂದಕ್ಕೆ ವಾಲಿದ ಮೇಜು ಅದೇ, ಹಿಂದಿನ ಹಸಿರು ಗೋಡೆಯೂ ಅದೇ. ಗುಲಾಬಿಗಳು ಮಾತ್ರ ಬಿಳಿ. ನೀರು ಬೆರೆಸಿದ ಹಾಲಿನಂಥ ಬಿಳಿ.

"ಇದೇನೇ ಇದು?"

"ಗುಲಾಬಿ" ಅಂದಳು.

"ಅದು ನನಗೂ ಗೊತ್ತು. ಬಿಳಿ ಯಾಕಿದೆ?"

"ಬಿಳೀನಾ? ನನ್ನ ಕಣ್ಣು ಮಂಜು ಅತ್ತಿಗೆ, ನನಗೇನು ಕಾಣುತ್ತೆ." ಹಾಗಂದವಳು ಬಗ್ಗಿ ಹಗ್ಗದ ಚೂರುಗಳನ್ನು ಆರಿಸತೊಡಗಿದಳು. ಕಣ್ಣು ಕಾಣದವಳಿಗೆ ನೆಲದ ಮೇಲಿನ ಹಗ್ಗದ ಚೂರು ಕಾಣುತ್ತದೆ.

ಏಪ್ರಿಲ್ 16, ಗುರುವಾರ

ನನಗೆ ಮರೆವು ಬಂದಿದೆಯೇ ಎಂದು ನಿನ್ನೆಯೆಲ್ಲ ಯೋಚಿಸಿದೆ. ಬಂದಿಲ್ಲ. ಎಲ್ಲ ನಿಚ್ಚಳವಾಗಿದೆ.

ಹದಿನೆಂಟು ವರ್ಷದ ಹಿಂದೆ, ಮೇ ತಿಂಗಳು. ನನಗೆ ವಿಷಮಶೀತ ಜ್ವರ. ಬಾವಿಕಟ್ಟೆಯ ಗೋಡೆಗೆ ಹಬ್ಬಿದ ಗುಲಾಬಿ ಹೂಬಿಟ್ಟು ಉದುರುತ್ತಿದೆಯಂತೆ, ನಾನು ಹಾಸಿಗೆಯಿಂದ ಏಳುವ ಹಾಗಿಲ್ಲ. ಈ ವರ್ಷದ ಗುಲಾಬಿ ನೋಡದೆ ಹೋಗುತ್ತೇನೆ ಎಂದು ಮಗುವಿನಂತೆ ಅತ್ತೆ. ಗ್ರಾಸಿಯೆನ್ ಹೂಗಳನ್ನು ಕೊಯ್ದು ತಂದು ನನ್ನ ಕೋಣೆಯಲ್ಲೇ ಚಿತ್ರ ಬರೆಯಲು ಕೂತ. ಅವನದು ಆಮೆಯ ಕೈ. ಉಳಿದ ಚಿತ್ರಗಳಿಗೆಲ್ಲ ಕಾಗದದ ಹೂ ಇಟ್ಟುಕೊಂಡು ತಿಂಗಳುಗಟ್ಟಲೆ ಬರೆಯುತ್ತಿದ್ದ, ನಿಜವಾದ ಹೂ ಅವನಿಗಾಗಿ ಕಾಯುತ್ತಿರಲಿಲ್ಲ. ಇದೊಂದನ್ನು ಮಾತ್ರ ಹಸಿ ಹೂ ಇಟ್ಟು, ಅವಸರ ಅವಸರವಾಗಿ ಬರೆದ. ಮುಗಿಸಿ ನನ್ನ ಕಾಲ ಕಡೆಯ ಗೋಡೆಗೆ ತೂಗುಹಾಕಿ, "ಇವು ಉದುರಲ್ಲ ಓನೊರಿನ್" ಅಂದ.

ದಾಳಿಂಬೆ ಕಾಳಿನ ಕೆಂಪು ಅದು. ಊರೆಲ್ಲ ನಕ್ಕಿತು. ಇಲ್ಲಿಯ ಗುಡ್ಡಗಳಲ್ಲಿ ಕೆಮ್ಮಣ್ಣನ್ನು ಗಾಡಿಗಟ್ಟಲೆ ಅಗೆದು ಲೋಕಕ್ಕೆಲ್ಲ ಬಣ್ಣ ಮಾರುತ್ತಾರೆ. ಅಂಥ ಊರಿನಲ್ಲಿ ಇವನು ಪ್ಯಾರಿಸ್‌ನಿಂದ ಕೊಳವೆಯಲ್ಲಿ ತುಂಬಿದ ಹೊಸ ಕೆಂಪು ತರಿಸಿದ. "ಕೆಮ್ಮಣ್ಣು ಇಟ್ಟಿಗೆ ಬಣ್ಣ, ಹೂವಿನ ಬಣ್ಣ ಅಲ್ಲ" ಎನ್ನುತ್ತಿದ್ದ. ಕಟುಕರ ನೊಯೆಲಿ ಬಾಗಿಲಲ್ಲಿ ನಿಂತು, "ನಮ್ಮಂಗಡಿ ಮುಂದೆ ತೂಗುಹಾಕಿ, ಬೇರೆ ಬೋರ್ಡೇ ಬೇಡ" ಅಂದಿದ್ದಳು. ಬಿಳಿ ಹೂವನ್ನು ನೋಡಿ ಯಾರಾದರೂ ಹಾಗೆ ಅಂದಾರೆಯೇ?

ಅಂಥ ಚಿತ್ರವನ್ನು ಸಾಯುವಾಗ ತಂಗಿಗೆ ಕೊಟ್ಟ. ನನಗಲ್ಲ. ಸಮಾಧಿಗೆ ಮಣ್ಣು ಹಾಕಿ ಬಂದ ಸಂಜೆಯೇ ಸಿಡೋನಿ ಅದನ್ನು ಗೋಡೆಯಿಂದ ಇಳಿಸಿ, "ಅಣ್ಣ ಕೊಂಡೊಯ್ಯೋಕೆ ಹೇಳಿದಾನೆ" ಎಂದು ಹೊರಟುಬಿಟ್ಟಳು. ಹನ್ನೊಂದು ವರ್ಷವಾಯಿತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಈಗ ನನಗೆ ತಂದು ತೋರಿಸುತ್ತಿರುವುದು ನಕಲು. ಅಸಲನ್ನು ಯಾರಿಗೋ ಮಾರಿದ್ದಾಳೆ.

ಏಪ್ರಿಲ್ 20, ಸೋಮವಾರ

ಬೆಳಿಗ್ಗೆ ಅವಳ ಕೋಣೆಯ ಕಿಟಕಿ ತೆರೆದು ಬಂದೆ. ಸ್ವಲ್ಪ ಹೊತ್ತಿಗೆ ಹೋಗಿ ನೋಡಿದರೆ ಮುಚ್ಚಿದೆ. ಮತ್ತೆ ತೆರೆದೆ, ಮತ್ತೆ ಮುಚ್ಚಿದಳು. ಚಿತ್ರದ ಮೇಲೆ ಆ ಹಳೆಯ ಲಂಗ ಹೊದಿಸಿದ್ದಾಳೆ. ಹೊರಗೆ ಎಂಥ ಬಿಸಿಲು, ಇವಳು ಗೂಬೆಯ ಹಾಗೆ ಕತ್ತಲಲ್ಲಿ ಕೂತು ಕಾಲುಚೀಲ ಹೆಣೆಯುತ್ತಾಳೆ.

"ಯಾಕೇ ಹೀಗೆ ಕತ್ತಲೆ ಮಾಡ್ಕೊಂಡು ಕೂರ್ತೀಯಾ?"

"ಅಭ್ಯಾಸ ಆಗ್ಬಿಟ್ಟಿದೆ ಅತ್ತಿಗೆ. ಬೆಳಕು ಚುಚ್ಚುತ್ತೆ."

ಬೆಳಕು ಚುಚ್ಚುತ್ತದಂತೆ. ಬೆಳಕಿನಲ್ಲಿ ನಾನು ಆ ಚಿತ್ರವನ್ನು ಹತ್ತಿರದಿಂದ ನೋಡುತ್ತೇನೆ ಎಂಬ ಭಯ. ಸರಿ, ನಾನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಕಾಯುತ್ತೇನೆ.

ಇವಳು ಮಾಡುವ ಕಾಫಿಗೆ ಚಿಕೋರಿ ಹೆಚ್ಚು. ಹೇಳಿದರೆ ನಗುತ್ತಾಳೆ.

ಏಪ್ರಿಲ್ 29, ಬುಧವಾರ

ಸಿಡೋನಿ ಚರ್ಚಿಗೆ ಹೋದಾಗ ಲಂಗ ತೆಗೆದು, ಕಿಟಕಿ ತೆರೆದು, ಚಿತ್ರವನ್ನು ಮೂಲೆಮೂಲೆಯೂ ನೋಡಿದೆ.

ಗ್ರಾಸಿಯೆನ್ ಪ್ಯಾರಿಸ್‌ಗೆ ಹೋದ ಹೊಸತರಲ್ಲಿ ಎಲ್ಲರ ಹಾಗೆ ಬೆಳಕನ್ನು ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದ. ಆಮೇಲೆ ಬೇಸರವಾಯಿತು. "ಬೆಳಕು ಓಡಿಹೋಗುತ್ತೆ ಕಣೇ, ನನಗೆ ನಿಲ್ಲೋದು ಬೇಕು" ಅಂದ. ಊರಿಗೆ ಬಂದು ಅಡುಗೆಮನೆ ಗೋಡೆಗೆ ಜಪಾನಿನ ಅಗ್ಗದ ಚಿತ್ರಗಳನ್ನು ಅಂಟಿಸಿಕೊಂಡು, ಅವುಗಳ ಹಾಗೆ ಪ್ರತಿ ವಸ್ತುವಿಗೂ ಗಾಢ ನೀಲಿಯ ಗೆರೆ ಎಳೆಯತೊಡಗಿದ. ಗೆರೆಯ ಒಳಗೆ ದಪ್ಪ ಬಣ್ಣ, ಎಲ್ಲ ಒಂದೇ ಕಡೆ ಬಾಗಿದ ಕುಂಚದ ಪುಟ್ಟ ಪುಟ್ಟ ಎಳೆತ, ಗಾಳಿಗೆ ಬಾಗಿದ ಗೋಧಿಯ ಹಾಗೆ.

ಆ ನೀಲಿ ಗೆರೆ ಇದೆ. ಆ ಬಾಗಿದ ಎಳೆತವಿದೆ. ಮೇಜಿನ ಮೇಲೆ ಬಿದ್ದ ಎಸಳಿನ ಹತ್ತಿರ ಬಣ್ಣಕ್ಕೆ ಅಂಟಿದ ಕುಂಚದ ಕೂದಲು ಸಹ ಇದೆ. ನಕಲು ಮಾಡಿದವನು ಬಲು ಘಾಟಿ. ಇಷ್ಟೆಲ್ಲ ಸರಿಯಾಗಿರುವುದೇ ಅನುಮಾನಕ್ಕೆ ಕಾರಣ. ನಿಜವಾದ ಚಿತ್ರವಾಗಿದ್ದರೆ ಎಲ್ಲೋ ಒಂದು ಕಡೆ ನನಗೆ ನೆನಪಿಲ್ಲದ್ದು ಏನಾದರೂ ಇರುತ್ತಿತ್ತು.

ಬಣ್ಣ ಮಾಸಿರಬಹುದೇ ಎಂದೂ ಯೋಚಿಸಿದೆ. ನನ್ನ ಗೋಡೆಗಳ ಮೇಲೆ ಅವನ ಗುಡ್ಡಗಳ ಚಿತ್ರಗಳಿವೆ, ಗಣಿಗಳ ಚಿತ್ರಗಳಿವೆ. ಮೂವತ್ತು ವರ್ಷದ ಹಳೆಯವೂ ಇವೆ. ಒಂದರಲ್ಲೂ ಎಳ್ಳಷ್ಟು ಕೆಂಪು ಕಡಿಮೆಯಾಗಿಲ್ಲ. ಹಾಗಾದರೆ ಇದೊಂದು ಮಾತ್ರ ಹೇಗೆ ಬೆಳ್ಳಗಾಗುತ್ತದೆ?

ನೋಡುತ್ತ ನೋಡುತ್ತ ಊಟದ ಹೊತ್ತು ಮೀರಿತು. ಅವನು ಬದುಕಿದ್ದಾಗ ಯಾವ ಚಿತ್ರವನ್ನೂ ನಾನು ಇಷ್ಟು ಹೊತ್ತು ನೋಡಿರಲಿಲ್ಲ.

ಮೇ 9, ಶನಿವಾರ

ಸಂತೆಯಲ್ಲಿ ನೊಯೆಲಿ ಸಿಕ್ಕಿದಳು. ಮುಖ ನೋಡಿದರೇ ಹೊಟ್ಟೆಯಲ್ಲಿ ಏನೋ ಮಾತಿದೆ ಎಂದು ಗೊತ್ತಾಯಿತು.

"ನಿಮ್ಮ ನಾದಿನಿಗೆ ಹುಷಾರಿಲ್ವಾ ಮದಾಮ್ ಓನೊರಿನ್?"

"ಯಾಕೆ? ಗುಂಡುಕಲ್ಲಿನ ಹಾಗಿದಾಳೆ."

"ಮತ್ತೆ ಔಷಧಿ ಅಂಗಡಿಯಿಂದ ಬರ್ತಿದ್ಲು. ನಾನು ಒಳಗೆ ಹೋಗಿ ಕೇಳಿದೆ. ಕೆಂಪು ಪುಡಿ ಕೇಳಿದ್ಲಂತೆ. ಎಣ್ಣೇಲಿ ಕದಡೋ ಅಂಥದ್ದು. ಅದೂ ಅತ್ಯಂತ ಒಳ್ಳೇದೇ ಬೇಕು ಅಂದ್ಲಂತೆ. ಈ ವಯಸ್ಸಲ್ಲಿ ಕೆನ್ನೆಗೆ ಹಚ್ಕೊಳ್ತಾಳಾ ಏನ್ ಕತೆ?"

ನಾನು ನಗಲಿಲ್ಲ. ಸಂತೆಯಲ್ಲಿ ಏನು ಕೊಂಡೆನೋ ಗೊತ್ತಿಲ್ಲ, ಮನೆಗೆ ಬಂದು ನೋಡಿದರೆ ಚೀಲದಲ್ಲಿ ಬರೀ ಬೆಳ್ಳುಳ್ಳಿ. ಸಿಡೋನಿ ಅದನ್ನು ನೋಡಿ, "ಯಾವ ಭೂತ ಓಡಿಸ್ಬೇಕಾಗಿದೆ ಅತ್ತಿಗೆ" ಎಂದು ಕೇಳಿ, ಬ್ರೆಡ್ಡು ಹಾಕಿ ಬೆಳ್ಳುಳ್ಳಿ ಸಾರು ಮಾಡಿದಳು. ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ. ಅನುಮಾನ ಬಾರದಿರಲಿ ಎಂದೇ ಹಾಕಿಸಿಕೊಂಡದ್ದು.

ಮೇ 21, ಗುರುವಾರ, ಸ್ವರ್ಗಾರೋಹಣದ ಹಬ್ಬ

ಸಿಕ್ಕಿತು.

ಸೂಜಿ ಬೇಕೆಂದು ಅವಳ ಹೊಲಿಗೆ ಬುಟ್ಟಿಗೆ ಕೈ ಹಾಕಿದೆ. ದಾರದುಂಡೆಗಳ ಕೆಳಗೆ ಒಂದು ಪೊಟ್ಟಣ. ಬಿಚ್ಚಿದರೆ ಕೆಂಪು ಪುಡಿ, ಪಕ್ಕದಲ್ಲಿ ಮಕ್ಕಳಾಡುವಂಥ ಸಣ್ಣ ಕುಂಚ. ಈಗ ಎಲ್ಲ ಬಿಡಿಸಿದ ಹಾಗಾಯಿತು. ಅಸಲು ಮಾರಿದಳು, ನಕಲು ಬರೆಸಿದಳು, ಬರೆದ ಪುಣ್ಯಾತ್ಮನಿಗೆ ಹೂವಿನ ಬಣ್ಣ ಗೊತ್ತಿಲ್ಲದೆ ಬಿಳಿ ಬಳಿದ. ಈಗ ವೆರ್ದಿಯೆ ಬರುವ ಮೊದಲು ಕದ್ದು ಕೆಂಪು ತುಂಬುವ ಹುನ್ನಾರ.

ಪೊಟ್ಟಣವನ್ನು ಅಲ್ಲೇ ಇಟ್ಟು ಬಂದೆ. ವೆರ್ದಿಯೆಯ ಎದುರಿಗೇ ಬಯಲಿಗೆಳೆಯಬೇಕು. ಇವಳು ಅಸಲು ಯಾರ ಹತ್ತಿರವಿದೆ ಎಂದು ಬಾಯಿಬಿಟ್ಟರೆ ವೆರ್ದಿಯೆ ಹೋಗಿ ಬಿಡಿಸಿಕೊಂಡು ಬಂದಾನು. ಆಮೇಲೆ ಇವಳಿಗೆ ವೃದ್ಧಾಶ್ರಮವೇ ಸರಿ.

ಜೂನ್ 4, ಗುರುವಾರ

ಚೆರ್ರಿ ಹಣ್ಣಿನ ಕಾಲ. ಹಣ್ಣನ್ನು ಸಕ್ಕರೆ ಪಾಕಕ್ಕೆ ಹಾಕಿ ಮಾರುವ ಕಾರ್ಖಾನೆಯವರು ಬುಟ್ಟಿಗಟ್ಟಲೆ ತಂದು ಸುರಿಯುತ್ತಾರೆ, ಹಣ್ಣು ಒಡೆಯದ ಹಾಗೆ ಬೀಜ ತೆಗೆದುಕೊಡಬೇಕು. ಪ್ರತಿ ವರ್ಷ ನಾನೊಬ್ಬಳೇ ಮಾಡುತ್ತಿದ್ದೆ. ಈ ಸಲ ಸಿಡೋನಿಯೂ ಕೂತಳು. ಮಂಜುಗಣ್ಣಿನವಳು ಬೆರಳಲ್ಲೇ ತಡವಿ ನನಗಿಂತ ಬೇಗ ತೆಗೆಯುತ್ತಾಳೆ.

"ನೀವು ತೆಗೆಯೋದಕ್ಕಿಂತ ಬಾಯಿಗೆ ಹಾಕ್ಕೊಳ್ಳೋದೇ ಜಾಸ್ತಿ ಅತ್ತಿಗೆ."

"ನನ್ನ ಬಾಯಿ ನಿನಗೆ ಹೇಗೇ ಕಾಣುತ್ತೆ? ಕಣ್ಣು ಮಂಜು ಅಂತೀಯಲ್ಲ."

"ಕಾಣೋದು ಯಾಕೆ, ಕೇಳಿಸುತ್ತಲ್ಲ."

ನಗು ತಡೆಯಲಾಗಲಿಲ್ಲ. ಮೊಣಕೈವರೆಗೆ ಕೆಂಪಾದ ಕೈ ಎತ್ತಿ ಕಣ್ಣೊರೆಸಿಕೊಂಡೆ, ಮುಖವೆಲ್ಲ ಕೆಂಪಾಯಿತು. ಅವಳು ತನ್ನ ಏಪ್ರನ್ನಿನ ತುದಿ ಒದ್ದೆ ಮಾಡಿ ನನ್ನ ಮುಖ ಒರೆಸಿದಳು. ಹೀಗೆ ನನ್ನ ಮುಖ ಯಾರಾದರೂ ಮುಟ್ಟಿ ಎಷ್ಟು ವರ್ಷವಾಯಿತೋ.

ಜಾಗ್ರತೆಯಾಗಿರಬೇಕು. ಕಳ್ಳರು ಮೊದಲು ಮನಸ್ಸಿಗೇ ಕೈ ಹಾಕುವುದು. ಸಂಜೆ ನಾನೇ ಕಾಫಿ ಮಾಡಿದೆ. ಚಿಕೋರಿ ಅವಳ ಅಳತೆಯಲ್ಲೇ ಬಿತ್ತು, ಕೈತಪ್ಪಿ.

ಜೂನ್ 12, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ವೆರ್ದಿಯೆ ಬಂದ. ಚಿತ್ರದ ಮುಂದೆ ನಿಂತ. ಹತ್ತಿರ ಹೋದ, ಹಿಂದೆ ಬಂದ, ಕನ್ನಡಕ ತೆಗೆದು ಹಾಕಿಕೊಂಡ.

"ಇದಲ್ಲ ಮದಾಮ್" ಅಂದ.

"ಅಲ್ಲ ಅಂತ ನನಗೂ ಗೊತ್ತು" ಎಂದು ನಾನು ಶುರುಮಾಡುವಷ್ಟರಲ್ಲಿ ಅವನೇ ಮಾತು ಮುಂದುವರಿಸಿದ.

"ನಾನು ನೋಡಿದ್ದು ಕೆಂಪು. ಬಾಗಿಲಲ್ಲಿ ನಿಂತ್ರೂ ಕಣ್ಣಿಗೆ ಹೊಡೀತಿತ್ತು. ಇದನ್ನ ಯಾರು ಬರೆದುಕೊಟ್ರು? ಬೇಜಾರು ಮಾಡ್ಕೋಬೇಡಿ, ಇತ್ತೀಚೆಗೆ ಚಿತ್ರಗಾರರ ವಿಧವೆಯರು ಬಹಳ ಚುರುಕಾಗಿದಾರೆ. ಮೊನ್ನೆ ಒಬ್ಬಾಕೆ ಗಂಡ ಸತ್ತು ಐದು ವರ್ಷದ ಮೇಲೆ ಬರೆದ ಚಿತ್ರ ತೋರಿಸಿದ್ರು."

ನನ್ನನ್ನೇ. ಅವನು ಅನುಮಾನಪಟ್ಟದ್ದು ನನ್ನನ್ನೇ. ಗುಡ್ಡಗಳ ಚಿತ್ರಗಳ ಕಡೆಗೂ ಓರೆಗಣ್ಣಿನಿಂದ ನೋಡಿ ಟೋಪಿ ಕೈಗೆತ್ತಿಕೊಂಡ. ಗ್ರಾಸಿಯೆನ್‌ನ ಗೋಡೆ ನನ್ನ ಕಣ್ಣೆದುರೇ ಕುಸಿಯಿತು. ಆ ಕೆಂಪು ಹೇಗಿತ್ತು, ಜ್ವರದಲ್ಲಿ ಮಲಗಿದ್ದ ನನಗೆ ಅವನು ಅದನ್ನು ಹೇಗೆ ಬರೆದುಕೊಟ್ಟ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಕೇಳಿಸಿಕೊಂಡ, ನಂಬಲಿಲ್ಲ. ನಾನು ಸಿಡೋನಿಯ ಬುಟ್ಟಿ ತಂದು ಮೇಜಿನ ಮೇಲೆ ಸುರಿದೆ. ಪೊಟ್ಟಣ ಬಿಚ್ಚಿಕೊಂಡು ಪುಡಿ ಚೆಲ್ಲಿತು.

"ಕೇಳಿ, ಇವಳನ್ನ ಕೇಳಿ. ನನ್ನ ಗುಲಾಬಿ ಎಲ್ಲಿ ಮಾರಿದ್ಲು ಅಂತ ಕೇಳಿ. ಕಳ್ಳಿ ಇವಳು."

ಸಿಡೋನಿ ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಮುಚ್ಚಿದಳು.

"ನಾನು ಮಾರಿಲ್ಲ ಅತ್ತಿಗೆ" ಎಂದಷ್ಟೇ ಹೇಳಿದಳು.

"ಮತ್ತೆ ಈ ಪುಡಿ ಯಾಕೆ?"

ಅವಳು ಮೇಜಿನ ಮೇಲೆ ಚೆಲ್ಲಿದ ಪುಡಿಯನ್ನು ಅಂಗೈಯಲ್ಲಿ ಒಟ್ಟುಮಾಡತೊಡಗಿದಳು.

"ನನ್ನ ಕೆಂಪು ಹೂ ಎಲ್ಲಿ ಹೋಯ್ತು?"

ಒಟ್ಟುಮಾಡಿದ್ದನ್ನು ಪೊಟ್ಟಣಕ್ಕೆ ಸುರಿದು ಮಡಚಿದಳು. ವೆರ್ದಿಯೆ ನಮ್ಮಿಬ್ಬರನ್ನೂ ಬೀದಿನಾಟಕದವರಂತೆ ನೋಡಿ ಹೊರಟುಹೋದ.

ಜೂನ್ 13, ಶನಿವಾರ

ಹೋದಳು. ವೃದ್ಧಾಶ್ರಮಕ್ಕೆ. ಚಿತ್ರ ಬಿಟ್ಟು ಹೋಗಿದ್ದಾಳೆ. ನಾನು ಬಾಗಿಲಿಗೂ ಹೋಗಲಿಲ್ಲ. ನೊಯೆಲಿಗೆ ಎಲ್ಲ ಹೇಳಿದೆ, ಇಷ್ಟು ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ. ಒಳ್ಳೆಯದೇ ಆಯಿತು.

ಜೂನ್ 17, ಬುಧವಾರ

ಇವತ್ತೂ ಎರಡು ಬಟ್ಟಲು ಕಾಫಿ ಮಾಡಿದೆ. ಒಂದನ್ನು ಚೆಲ್ಲಬೇಕಾಯಿತು. ಹೋದ ಮೇಲೂ ದಂಡ ಮಾಡಿಸುತ್ತಿದ್ದಾಳೆ.

ಚೆರ್ರಿ ಮುಗಿಯುತ್ತಿಲ್ಲ. ಒಬ್ಬಳೇ ಕೂತು ಬೀಜ ತೆಗೆಯುವಾಗ ಎಷ್ಟು ಸದ್ದಿಲ್ಲದೆ ಇರುತ್ತದೆ ಈ ಮನೆ, ಮೊದಲೂ ಹೀಗೇ ಇತ್ತೇ?

ಜೂನ್ 22, ಸೋಮವಾರ

ಚೌಕಟ್ಟಾದರೂ ಅಸಲು. ಅದು ಗ್ರಾಸಿಯೆನ್‌ನ ಕೈಯದೇ, ಪಟ್ಟಿಗೆ ಸುಣ್ಣ ಬಳಿದು ತಾನೇ ಜೋಡಿಸಿದ್ದ. ನಕಲಿಗೆ ಆ ಭಾಗ್ಯ ಯಾಕೆ, ಗುಡ್ಡದ ಚಿತ್ರಕ್ಕೆ ಹಾಕೋಣ ಎಂದು ಇವತ್ತು ಇಕ್ಕಳ ತಂದು ಮೊಳೆ ಕಿತ್ತೆ. ಮೊಳೆಗಳು ತುಕ್ಕು ಹಿಡಿದು ಮರಕ್ಕೆ ಕಚ್ಚಿಕೊಂಡಿದ್ದವು. ಅವನು ಹೊಡೆದ ಮೇಲೆ ಯಾರೂ ಕಿತ್ತಿರಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಚೌಕಟ್ಟು ಎತ್ತಿದೆ. ಅದರ ಪಟ್ಟಿ ಮುಚ್ಚಿದ್ದ ಅಂಚಿನುದ್ದಕ್ಕೂ, ಬೆರಳಗಲ, ಕೆಂಪು.

ಎಡ ಅಂಚಿನಲ್ಲಿ ಅರ್ಧ ಕತ್ತರಿಸಿದಂತಿರುವ ಒಂದು ಹೂವಿದೆ. ಅದರ ಹೊರಗಿನ ಎಸಳನ್ನು ಒಂದೇ ಎಳೆತದಲ್ಲಿ ಬರೆದಿದ್ದಾನೆ. ಎಳೆತ ಅಂಚಿನಲ್ಲಿ ದಾಳಿಂಬೆ ಕೆಂಪಾಗಿ ಶುರುವಾಗುತ್ತದೆ. ಚೌಕಟ್ಟಿನ ನೆರಳು ಮುಗಿಯುವಲ್ಲಿ ನೆಟ್ಟಗೆ ಗೀರಿದಂತೆ ಕೆಂಪು ನಿಲ್ಲುತ್ತದೆ. ಕುಂಚದ ಗೆರೆಗಳು ಮಾತ್ರ ನಿಲ್ಲದೆ ಬಿಳಿಯೊಳಗೆ ಮುಂದುವರಿಯುತ್ತವೆ. ಒಂದೇ ಎಸಳು, ಒಂದೇ ಕೈ, ಒಂದೇ ಬಣ್ಣ. ಬಿಸಿಲು ತಗಲಿದಷ್ಟೂ ಹೋಗಿದೆ, ತಗಲದಷ್ಟು ಉಳಿದಿದೆ.

ಪ್ಯಾರಿಸ್‌ನ ಆ ಹೊಸ ಕೆಂಪು. ಊರಿನ ಕೆಮ್ಮಣ್ಣು ಅಲ್ಲಿ ಗೋಡೆಯ ಮೇಲೆ ಹಾಗೇ ಇದೆ, ನನ್ನ ಹೂವಿನ ಕೆಂಪು ಓಡಿಹೋಗಿದೆ. ಸಿಡೋನಿ ಯಾರಿಗೂ ಏನನ್ನೂ ಮಾರಿರಲಿಲ್ಲ. ಕತ್ತಲಲ್ಲಿ ಕೂರುತ್ತಿದ್ದದ್ದು ಇದನ್ನು ಉಳಿಸಲು. ಅವಳ ಕಣ್ಣು ಹೋದದ್ದೂ ಇದರಿಂದಲೇ ಇರಬೇಕು.

ನಾನು ಅವಳನ್ನು ಕಳ್ಳಿ ಅಂದೆ. ಪರಕೀಯನೊಬ್ಬನ ಎದುರು ಅಂದೆ.

ಜೂನ್ 23, ಮಂಗಳವಾರ

ವೃದ್ಧಾಶ್ರಮದ ಅಂಗಳದಲ್ಲಿ ಸಿಡೋನಿ ಬೆಂಚಿನ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. ಹೆಜ್ಜೆ ಸದ್ದಿಗೇ ಗುರುತು ಹಿಡಿದಳು.

"ಚೌಕಟ್ಟು ಬಿಚ್ಚಿದೆ" ಅಂದೆ.

ಬಿಸಿಲಿನಿಂದ ಮುಖ ತಿರುಗಿಸಿ, "ಹಾಗಾದ್ರೆ ನೋಡ್ಬಿಟ್ರಿ" ಅಂದಳು. "ಅಯ್ಯೋ ದೇವರೇ. ನೀವು ನೋಡ್ಬಾರ್ದು ಅಂತಲೇ ಇಷ್ಟೆಲ್ಲ ಮಾಡಿದ್ದು."

"ಯಾಕೆ ನೋಡ್ಬಾರ್ದು?"

"ಅಣ್ಣನಿಗೆ ಮಾತು ಕೊಟ್ಟಿದ್ದೆ. ಸಾಯೋ ಹಿಂದಿನ ವರ್ಷ ಅವನಿಗೆ ಗೊತ್ತಾಯ್ತು. ಮೇಲಿನ ಒಂದು ಹೂ ಕಳೆಗುಂದಿತ್ತು. ಬಣ್ಣ ಮಾರೋನನ್ನ ಕೇಳಿದ್ದಕ್ಕೆ, ಆ ಕೆಂಪು ಬಿಸಿಲಿಗೆ ನಿಲ್ಲಲ್ಲ, ಎಲ್ಲ ಹೋಗುತ್ತೆ ಅಂದನಂತೆ. ಸಾಯೋವಾಗ ನನ್ನ ಕೈ ಹಿಡ್ಕೊಂಡು ಅತ್ತ ಅತ್ತಿಗೆ. ಓನೊರಿನ್‌ಗೆ ಇವು ಉದುರಲ್ಲ ಅಂತ ಹೇಳಿದೀನಿ ಕಣೇ, ಈಗ ಉದುರ್ತಾ ಇವೆ, ಅವಳ ಕಣ್ಣಿಗೆ ಬೀಳೋ ಮುಂಚೆ ತಗೊಂಡು ಹೋಗ್ಬಿಡು, ಅವಳ ಮನಸ್ಸಲ್ಲಾದ್ರೂ ಕೆಂಪಗಿರ್ಲಿ ಅಂದ."

ಹನ್ನೊಂದು ವರ್ಷ. ನನಗೆ ಕೊಡದೆ ತಂಗಿಗೆ ಕೊಟ್ಟ ಎಂದು ಹನ್ನೊಂದು ವರ್ಷ ಅವನ ಸಮಾಧಿಗೆ ಹೂವಿಡುವಾಗಲೂ ಹಲ್ಲು ಕಚ್ಚಿಕೊಂಡೇ ಇಟ್ಟಿದ್ದೇನೆ.

"ಆ ಪುಡಿ?"

"ನಾನು ಎಷ್ಟೇ ಕತ್ತಲಲ್ಲಿಟ್ರೂ ಇಣುಕಿದ ಬೆಳಕಿಗೇ ಒಂದೊಂದಾಗಿ ಎಲ್ಲ ಹೋದ್ವು. ಪ್ಯಾರಿಸ್‌ನೋನು ಬರೋ ಮುಂಚೆ ಸ್ವಲ್ಪ ಕೆಂಪು ತುಂಬೋಣ ಅಂತ ತಂದೆ. ಕುಂಚ ಹಿಡಿದ್ರೆ ಕೈ ಬರಲಿಲ್ಲ. ಅಣ್ಣನ ಮೇಲೆ ನಾನು ಬಳಿಯೋದಾ?"

"ನಾನು ಕಳ್ಳಿ ಅಂದಾಗ ಯಾಕೇ ಬಾಯಿ ಬಿಡ್ಲಿಲ್ಲ?"

"ಬಿಡೋಣ ಅಂತಲೇ ಇದ್ದೆ. ನೀವು ಆ ಪ್ಯಾರಿಸ್‌ನೋನಿಗೆ ಹೇಳ್ತಿದ್ರಲ್ಲ, ಆ ಕೆಂಪು ಹೇಗಿತ್ತು ಅಂತ. ಅದನ್ನ ಕೇಳ್ತಾ ಕೇಳ್ತಾ ನನಗೂ ಕಾಣಿಸಿಬಿಡ್ತು. ಅಣ್ಣನ ಮಾತು ಉಳೀತಲ್ಲ ಅನ್ನಿಸ್ತು. ನಾನೇ ಹೇಗೆ ಅಳಿಸ್ಲಿ?"

ನಾನು ಅತ್ತೆ, ಬೆಂಚಿನ ಮೇಲಿದ್ದ ಮುದುಕಿಯರೆಲ್ಲ ನೋಡುವಂತೆ ಅತ್ತೆ. ಮನೆಗೆ ಬಾ ಅಂದೆ. ಬರುವುದಿಲ್ಲ ಅಂದಳು. "ಬೀದಿಗೆಲ್ಲ ನಾನು ಕಳ್ಳಿ ಅತ್ತಿಗೆ. ಆ ಬೀದೀಲಿ ಹೇಗೆ ಬ್ರೆಡ್ಡು ತರ್ಲಿ? ಇಲ್ಲಿ ಯಾರಿಗೂ ನನ್ನ ಗುರುತಿಲ್ಲ."

ಅವಳ ಪೆಟ್ಟಿಗೆಯನ್ನು ನಾನೇ ಹೊತ್ತುಕೊಂಡೆ. ಪೆಟ್ಟಿಗೆ ಹೋದ ಮೇಲೆ ವಿಧಿಯಿಲ್ಲದೆ ಹಿಂದೆ ಬಂದಳು. ನೆಟ್ಟಗೆ ನೊಯೆಲಿಯ ಅಂಗಡಿಗೆ ನುಗ್ಗಿದೆ. ನಾಳೆಯ ಹಬ್ಬಕ್ಕೆ ಮಾಂಸ ಕೊಳ್ಳಲು ಅರ್ಧ ಬೀದಿ ಅಲ್ಲೇ ನಿಂತಿತ್ತು.

"ನೊಯೆಲಿ, ಎಲ್ಲರೂ ಕೇಳಿ" ಅಂದೆ. "ಸಿಡೋನಿ ಏನೂ ಕದ್ದಿಲ್ಲ. ಚಿತ್ರ ಅಸಲೇ. ನನಗೇ ಬುದ್ಧಿ ಇರ್ಲಿಲ್ಲ. ಮೊನ್ನೆ ನಾನು ಹೇಳ್ದಾಗ ಎಷ್ಟು ಜನಕ್ಕೆ ಹಂಚಿದ್ಯೋ, ಇದನ್ನೂ ಅಷ್ಟೇ ಜನಕ್ಕೆ ಹಂಚು."

ನೊಯೆಲಿಯ ಕತ್ತಿ ಮೇಲೆತ್ತಿದಲ್ಲೇ ನಿಂತಿತು. "ಹಾಗಾದ್ರೆ ಆ ಕೆಂಪು ಪುಡಿ?"

"ನನ್ನ ಕೆನ್ನೆಗೆ" ಅಂದಳು ಸಿಡೋನಿ ಬಾಗಿಲಿಂದಲೇ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮನೆಗೆ ಬರುವ ದಾರಿಯಲ್ಲಿ ವೆರ್ದಿಯೆಗೆ ಬರೆಯಿರಿ ಅಂದಳು. ಬರೆಯುತ್ತೇನೆ. ಬೇಕಿದ್ದರೆ ಬಂದು ನೋಡಲಿ, ಚೌಕಟ್ಟು ಹಾಕದೆಯೇ ತೋರಿಸುತ್ತೇನೆ. ಅರ್ಧ ಕೆಂಪು ಅರ್ಧ ಬಿಳಿಯಾದ ಆ ಎಸಳು ಹೇಳುವುದನ್ನು ನಾವಿಬ್ಬರು ಮುದುಕಿಯರು ಬಾಯಲ್ಲಿ ಹೇಳಬೇಕಾಗಿಲ್ಲ. ನಂಬದಿದ್ದರೆ ಗೋಡೆಯನ್ನು ಅವನೇ ಇಟ್ಟುಕೊಳ್ಳಲಿ.

ಸಂಜೆ ಅವಳಿಗೆಂದು ಕಡಲೆಕಾಳಿನ ಸಾರು ಮಾಡಿದೆ. ಗ್ರಾಸಿಯೆನ್‌ಗೆ ಪಂಚಪ್ರಾಣ ಅದು, ಪ್ರತಿ ಶುಕ್ರವಾರ ಬಟ್ಟಲು ನೆಕ್ಕಿ ಖಾಲಿ ಮಾಡುತ್ತಿದ್ದ. ಹಾಗೆಂದು ಸಿಡೋನಿಗೆ ಹೇಳಿದೆ. ಅವಳು ಚಮಚ ಕೆಳಗಿಟ್ಟಳು. ತುಟಿ ಬಿಗಿಹಿಡಿದಳು. ಭುಜ ಕುಣಿಯುತ್ತಿತ್ತು.

"ಏನೇ?"

"ಏನಿಲ್ಲ ಅತ್ತಿಗೆ."

"ಹೇಳು."

"ಪಕ್ಕದ ಮನೆ ನಾಯಿಗೆ ಹಾಕ್ತಿದ್ದ. ಪ್ರತಿ ಶುಕ್ರವಾರ. ನೀವು ಬ್ರೆಡ್ಡು ತರೋಕೆ ಒಳಗೆ ಹೋದಾಗ."

ಹತ್ತು ವರ್ಷ ಆ ನಾಯಿಗೆ ಸಾರು ಮಾಡಿ ಹಾಕಿದ್ದೇನೆ. ಅದು ನನ್ನನ್ನು ನೋಡಿದಾಗಲೆಲ್ಲ ಯಾಕೆ ಬಾಲ ಅಲ್ಲಾಡಿಸುತ್ತಿತ್ತು ಎಂದು ಈಗ ತಿಳಿಯಿತು.

ಅಣ್ಣ ತಂಗಿ ಸೇರಿ ನನ್ನಿಂದ ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ. ಇವಳನ್ನು ಸುಮ್ಮನೆ ಬಿಡುವುದಿಲ್ಲ. ದಿನಕ್ಕೊಂದಾದರೂ ಬಾಯಿ ಬಿಡಿಸುತ್ತೇನೆ. ಅವನು ಸತ್ತ ಮೇಲೆ ಅವನ ಬಗ್ಗೆ ನನಗೆ ಗೊತ್ತಿಲ್ಲದ ಮಾತು ಹೇಳಿದವರು ಯಾರೂ ಇರಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಇವಳು ಈ ಮನೆಯ ಹೊಸಿಲು ದಾಟುವ ಹಾಗಿಲ್ಲ, ಮತ್ತು ಇವಳು ಬೇಗ ಮುಗಿಸದಿರಲಿ.